ಇದು ಎದೆನೋವಿನ ಕೋಣೆ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ವೈದ್ಯ ಪದವಿಯ ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಈ ಸಲ ನೀವು ಒಬ್ಬ ಹುಡುಗಿಯನ್ನು ಫೇಲು ಮಾಡಿದ್ದೀರಿ. ನಾನು ಕಂಡಂತೆ ಆ ದಿನ ಮೂರನೇ ಕೋಣೆಯಲ್ಲಿ ನಿಜವಾಗಿ ಪಾಸಾದವಳು ಅವಳೊಬ್ಬಳೇ. ಉಳಿದವರನ್ನೆಲ್ಲ ದಾಟಿಸಿ ಅವಳೊಬ್ಬಳನ್ನು ಮುಳುಗಿಸಿದ ಈ ಚಮತ್ಕಾರ ನಿಮ್ಮ ಕಚೇರಿಗೆ ಹೇಗೆ ಸಾಧ್ಯವಾಯಿತೆಂದು ನಾನು ಹೇಳಬಲ್ಲೆ, ಏಕೆಂದರೆ ಆ ಕೋಣೆಯ ಮಂಚದ ಮೇಲೆ ಮಲಗಿದ್ದವನು ನಾನೇ. ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಕಡತದಲ್ಲಿ ನನಗೆ ಹೆಸರೂ ಇಲ್ಲ. "ಎದೆನೋವು, ಗಂಡಸು, ಮಧ್ಯವಯಸ್ಸು" ಎಂದಷ್ಟೇ ಇದೆ. ವಿದ್ಯಾರ್ಥಿಗಳು ಮಾತ್ರ ಪ್ರೀತಿಯಿಂದ 'ಎದೆನೋವು ಅಂಕಲ್' ಎನ್ನುತ್ತಾರೆ.

ಈ ಪತ್ರವನ್ನು ನೀವಲ್ಲದೆ ಬೇರೆಯವರೂ ಓದುವುದರಿಂದ ನನ್ನ ಕಸುಬನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ನಾಟಕದವನು. ನಮ್ಮ ತಂಡ ಬಾಗಿಲು ಹಾಕಿದ ಮೇಲೆ ಹೊಟ್ಟೆಪಾಡಿಗೆ ಮೆಡಿಕಲ್ ಕಾಲೇಜಿನ ಪರೀಕ್ಷೆಗಳಲ್ಲಿ ರೋಗಿಯ ಪಾತ್ರ ಮಾಡುತ್ತ ಬಂದೆ. ನಿಜವಾದ ರೋಗಿಯನ್ನು ಹಾಸಿಗೆಯ ಮೇಲೆ ಮಲಗಿಸಿ ಇಡೀ ತರಗತಿಯ ಕೈಗೆ ಒಪ್ಪಿಸಿದರೆ ಅವನು ಮಧ್ಯಾಹ್ನದೊಳಗೆ ಚಪ್ಪಲಿ ಬಿಟ್ಟು ಓಡಿಹೋಗುತ್ತಾನೆ. ಅದಕ್ಕೇ ನಮ್ಮಂಥವರು. ಉದ್ದನೆಯ ಪಡಸಾಲೆ, ಸಾಲಾಗಿ ಕೋಣೆಗಳು, ಒಂದೊಂದರಲ್ಲಿ ಒಂದೊಂದು ಕಾಯಿಲೆ. ಮೂಲೆಯಲ್ಲಿ ಹಲಗೆ ಹಿಡಿದು ಕೂತ ಪರೀಕ್ಷಕರು. ಗಂಟೆ ಹೊಡೆದರೆ ವಿದ್ಯಾರ್ಥಿ ಒಳಗೆ, ಮತ್ತೆ ಹೊಡೆದರೆ ಹೊರಗೆ. ಒಂದನೇ ಕೋಣೆಯಲ್ಲಿ ಹೊಟ್ಟೆನೋವು, ಎರಡರಲ್ಲಿ ದಮ್ಮು, ಮೂರರಲ್ಲಿ ನಾನು. ನನ್ನ ಎದೆನೋವು ಹೆಸರುವಾಸಿಯಾದದ್ದು. ಎಡತೋಳಿಗೆ ಇಳಿಯುವ ನೋವು, ದವಡೆಗೆ ಹತ್ತುವ ಬಿಗಿತ, ಹಣೆಗೆ ನೀರು ಚಿಮುಕಿಸಿ ತಂದುಕೊಂಡ ಬೆವರು. ಒಮ್ಮೆ ಹೊಸ ನರ್ಸಮ್ಮ ಒಬ್ಬರು ನಿಜವೆಂದೇ ನಂಬಿ ಸ್ಟ್ರೆಚರ್ ತರಿಸಿಬಿಟ್ಟಿದ್ದರು. ನನ್ನ ರಂಗಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದೇ.

ಪರೀಕ್ಷಕರ ಕೈಯಲ್ಲಿ ನೀವು ಕೊಟ್ಟ ಒಂದು ಪಟ್ಟಿ ಇರುತ್ತದೆ. ನಾಡಿ ಹಿಡಿದರೇ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರೇ, ಕಾಲಿನ ಊತ ನೋಡಿದರೇ ಎಂದೆಲ್ಲ. ಅದರ ಕೊನೆಯ ಸಾಲುಗಳಲ್ಲೊಂದು: "ರೋಗಿಯ ಮಾನಸಿಕ ಆತಂಕವನ್ನು ವಿಚಾರಿಸಿದರೇ?" ಅದಕ್ಕೊಂದು ಅಂಕ. ವಿಚಾರಿಸಿದರೆ ಸಾಕು, ಅಂಕ ಬಿತ್ತು. ಉತ್ತರಕ್ಕೆ ಅಂಕವಿಲ್ಲ. ಆದ್ದರಿಂದ ಉತ್ತರ ಬೆಳೆಯಬಾರದೆಂದು ನನಗೆ ಕೊಟ್ಟ ಸಂಭಾಷಣೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಇಲ್ಲ ಎನ್ನುವುದು." ಪರೀಕ್ಷೆ ನಡೆಸುವ ಪ್ರೊಫೆಸರರು ತಾಲೀಮಿನ ದಿನ ಅದನ್ನು ಬಿಡಿಸಿ ಹೇಳಿದ್ದರು. "ನೀವು ನಾಟಕದವ್ರು, ಮಾತು ಸಿಕ್ರೆ ಬಿಡೋರಲ್ಲ. ಅಲ್ಲಿ ಮಾತ್ರ ಇಲ್ಲ ಅಂದು ಸುಮ್ನಾಗ್ಬಿಡಿ. ಹುಡುಗ್ರಿಗೆ ಟೈಮ್ ಸಾಲಲ್ಲ."

ಹಾಗಾಗಿ ಆ ಕೋಣೆಯಲ್ಲಿ ವರ್ಷವರ್ಷವೂ ನಡೆದದ್ದು ಇಷ್ಟು. ವಿದ್ಯಾರ್ಥಿ ಕೇಳುತ್ತಾನೆ, "ಮನಸ್ಸಿಗೆ ಏನಾದ್ರೂ ಆತಂಕ ಇದೆಯಾ?" ನಾನು, "ಇಲ್ಲ ಡಾಕ್ಟ್ರೇ." ಅವನು, "ಒಳ್ಳೇದು." ಮತ್ತು ಕೈ ತೊಳೆಯಲು ನಲ್ಲಿಯತ್ತ ತಿರುಗುತ್ತಾನೆ, ಏಕೆಂದರೆ ಕೈ ತೊಳೆಯುವುದಕ್ಕೂ ಒಂದು ಅಂಕ ಇದೆ. ಚುರುಕಾದವರು ಪ್ರಶ್ನೆ ಮುಗಿಯುವ ಮೊದಲೇ ತಿರುಗಿಬಿಡುತ್ತಿದ್ದರು. ನಾನು 'ಇಲ್ಲ' ಎಂದದ್ದು ಎಷ್ಟೋ ಸಲ ಅವರ ಬೆನ್ನಿಗೆ. ಮನಸ್ಸಿನ ವಿಷಯದಲ್ಲಿ ಕೈ ತೊಳೆದುಕೊಳ್ಳುವುದನ್ನು ಇಷ್ಟು ಶುದ್ಧವಾಗಿ ಕಲಿಸುವ ಶಾಲೆ ಬೇರೆಲ್ಲಾದರೂ ಇದೆಯೇ, ಮಾನ್ಯರೇ?

ಎಲ್ಲದಕ್ಕೂ ಕೋಣೆ ಇದೆ, ಮನಸ್ಸು ಕೆಟ್ಟವನಿಗೊಂದು ಕೋಣೆ ಯಾಕಿಲ್ಲ ಎಂದು ನಾನು ಅದೇ ಪ್ರೊಫೆಸರರನ್ನು ಕೇಳಿದ್ದೆ. ಪಾತ್ರದ ಆಸೆಯಿಂದ ಕೇಳಿದ್ದೇ ಹೊರತು ಸಮಾಜಸೇವೆಗಲ್ಲ. ಅಳುವ ಪಾತ್ರ ಸಿಕ್ಕೀತೆಂದು ನಟನಿಗೆ ಬಾಯಲ್ಲಿ ನೀರೂರುತ್ತದೆ. ಅವರು ನಕ್ಕು, "ಅದು ನಿಮ್ಮ ಎದೆನೋವಿನಲ್ಲೇ ಕೊನೇಲಿ ಬರುತ್ತಲ್ರೀ" ಎಂದರು. ಇಡೀ ಕಾಲೇಜಿನಲ್ಲಿ ಮನಸ್ಸಿನ ಪಾಠ ಬರುವುದು ಹಾಗೆ ಕೊನೆಯಲ್ಲೇ ಎಂದು ಆಮೇಲೆ ಗೊತ್ತಾಯಿತು. ಮನೋವೈದ್ಯ ವಿಭಾಗ ಇರುವುದು ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಹಿಂದೆ. ವಿದ್ಯಾರ್ಥಿಗಳು ಅಲ್ಲಿ ಎರಡು ವಾರ ಕಳೆಯಬೇಕೆಂದು ನಿಯಮ. ಆ ಎರಡು ವಾರಕ್ಕೆ ಅವರಿಟ್ಟ ಹೆಸರು 'ಬೇಸಿಗೆ ರಜೆ'. ಅಲ್ಲಿ ಹಾಜರಿ ಹಾಕಿ ಲೈಬ್ರರಿಗೆ ಹೋಗಿ ಬೇರೆ ವಿಷಯ ಓದುತ್ತಾರೆ, ಇಲ್ಲವೇ ಊರಿಗೆ ಹೋಗುತ್ತಾರೆ. ಅದು ಅವರ ತಪ್ಪೆಂದು ನಾನು ಹೇಳಲಾರೆ. ಪರೀಕ್ಷೆಗೆ ಬಾರದ್ದನ್ನು ಯಾವ ವಿದ್ಯಾರ್ಥಿ ಓದಿದ್ದಾನೆ? ಎರಡು ವಾರ ಕಾಟಾಚಾರದ ಹಾಜರಿ, ಒಂದು ಅಂಕದ ಪ್ರಶ್ನೆ, ಆಮೇಲೆ ಜೀವಮಾನವಿಡೀ ಊರಿನ ಜನರ ಆರೋಗ್ಯ ಅವರ ಕೈಯಲ್ಲಿ. ನಮ್ಮಂಥವರು ನಿದ್ದೆ ಬಾರದಾಗ, ಊಟ ಸೇರದಾಗ, ಬದುಕು ಬೇಡವೆನಿಸಿದಾಗ ಹೋಗುವುದು ಯಾರ ಹತ್ತಿರ? ಮನೋವೈದ್ಯರ ಹತ್ತಿರವಲ್ಲ. ಬೀದಿಯ ಕೊನೆಯ ಕ್ಲಿನಿಕ್ಕಿಗೆ, ಹೊಟ್ಟೆ ಸರಿಯಿಲ್ಲ ಎಂದು ಹೇಳಿಕೊಂಡು.

ನನ್ನ ತಂಗಿ ಹೋದದ್ದೂ ಹಾಗೆಯೇ.

ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ನನ್ನ ಪಾತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದವಳು ಅವಳೇ. ಸಾರಿನ ಸೌಟನ್ನು ಕೊರಳಿಗೆ ಸ್ಟೆತಾಸ್ಕೋಪಿನ ಹಾಗೆ ಹಿಡಿದು ನಿಮ್ಮ ವಿದ್ಯಾರ್ಥಿಗಳಿಗಿಂತ ಗಂಭೀರವಾಗಿ ಡಾಕ್ಟರ್ ಆಗುತ್ತಿದ್ದಳು. "ಮನಸ್ಸಿಗೆ ಏನಾದ್ರೂ ಆತಂಕ ಇದೆಯಾ?" ಎಂದು ಕೇಳಿ, ನಾನು 'ಇಲ್ಲ' ಎಂದರೆ, "ನನ್ನಂಥ ತಂಗಿ ಇರೋವಾಗ ಆತಂಕ ಇಲ್ವಾ? ಸುಳ್ಳು ರೋಗಿ!" ಎಂದು ಸೌಟಿನಿಂದ ಮೊಟಕುತ್ತಿದ್ದಳು. ಕೆಲಸ ಮಾಡುವಾಗ ಬಾಯೊಳಗೇ ಹಾಡಿಕೊಳ್ಳುವುದು ಅವಳ ಅಭ್ಯಾಸ. ಪಕ್ಕದ ಮನೆಯವರೂ ಆ ಹಾಡು ಕೇಳಿ ಅವಳು ಮನೆಗೆ ಬಂದಳೆಂದು ತಿಳಿಯುತ್ತಿದ್ದರು.

ಆ ಹಾಡು ನಿಂತಿತು. ಯಾವ ದಿನ ಎಂದು ಹೇಳಲಾರೆ. ಗಡಿಯಾರದ ಟಿಕ್‌ಟಿಕ್ ನಿಂತದ್ದು ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ. ಆಮೇಲೆ ಹೊಟ್ಟೆಯಲ್ಲಿ ಏನೋ ಗಂಟು ಕಟ್ಟಿದಂತೆ ಎಂದಳು. ಊಟ ಬಿಟ್ಟಳು. ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತದೆ, ಆಮೇಲೆ ಏಳುವುದಕ್ಕೆ ಮಾತ್ರ ಆಗುವುದಿಲ್ಲ ಎಂದಳು. ಎಂದೂ ಒಂದು ಗಾಜನ್ನೂ ಕೆಡಿಸದವಳು ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಮಾಲೀಕರಿಂದ ಬೈಸಿಕೊಂಡು ಬಂದಳು. ಹೊಟ್ಟೆಯ ತಜ್ಞರ ಹತ್ತಿರ ಹೋದೆವು. ಕೊಳವೆ ಇಳಿಸಿ ನೋಡಿ, "ಎಲ್ಲಾ ನಾರ್ಮಲ್, ಸಂತೋಷಪಡಿ" ಎಂದರು. ನರದ ತಜ್ಞರು ತಲೆಯ ಸ್ಕ್ಯಾನ್ ಮಾಡಿಸಿ ಅದೇ ಸಂತೋಷವನ್ನು ಮತ್ತೊಮ್ಮೆ ಹಂಚಿದರು. ಮನೆಗೆ ಬರುವ ಬಸ್ಸಿನಲ್ಲಿ ಅವಳು ಆ ದೊಡ್ಡ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಣ್ಣ, ನಾನು ನಾರ್ಮಲ್ ಅಂತೆ. ಹಾಗಾದ್ರೆ ಇದೆಲ್ಲ ಆಗ್ತಿರೋದು ಯಾರಿಗೆ?" ಎಂದು ಕೇಳಿದಳು. ಮಾನ್ಯರೇ, ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

ಕೊನೆಗೆ ನಮ್ಮ ಬೀದಿಯ ಹೊಸ ಡಾಕ್ಟರ ಹತ್ತಿರ ಹೋದೆವು. ಅವರನ್ನು ಕೆಟ್ಟವರೆಂದು ಬರೆದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ನಗುಮುಖ, ಮೃದು ಮಾತು, ಅವಸರವಿಲ್ಲದ ಕೈ. ನನ್ನನ್ನು ನೋಡಿದವರೇ, "ಅರೇ, ನೀವು ಎದೆನೋವು ಅಲ್ವಾ? ನಿಮ್ಮ ಕೋಣೇಲಿ ನಂಗೆ ಪೂರ್ತಿ ಮಾರ್ಕ್ಸ್ ಬಂದಿತ್ತು!" ಎಂದು ಎದ್ದು ಕೈಕುಲುಕಿದರು. ನನಗೂ ಹೆಮ್ಮೆಯಾಯಿತು. ತಂಗಿಯನ್ನು ಮಲಗಿಸಿ ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಉಸಿರೆಳೆಸಿದರು, ಕಾಲಿನ ಊತ ನೋಡಿದರು. ಪಟ್ಟಿಯ ಒಂದು ಸಾಲನ್ನೂ ಬಿಡಲಿಲ್ಲ. ಕೊನೆಯಲ್ಲಿ ಕೇಳಿದರು, "ಮನಸ್ಸಿಗೆ ಏನಾದ್ರೂ ಆತಂಕ ಇದೆಯಾ?"

ನನ್ನ ತಂಗಿಗೆ ಈ ಸಂಭಾಷಣೆ ಬಾಯಿಪಾಠವಿತ್ತು. ಇಲ್ಲಿ ಏನು ಹೇಳಬೇಕೆಂದು ಅವಳಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಮಂಚದ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಹೇಳಿದಳು.

"ಇದೆ ಡಾಕ್ಟ್ರೇ."

"ಒಳ್ಳೇದು" ಎಂದು ಡಾಕ್ಟರು ಕೈ ತೊಳೆಯಲು ನಲ್ಲಿಯತ್ತ ತಿರುಗಿದರು.

ಮಾನ್ಯರೇ, ದಯವಿಟ್ಟು ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ಅವರು ಕಿವುಡರಲ್ಲ. ನಿರ್ದಯಿಯೂ ಅಲ್ಲ. ಆ ಪ್ರಶ್ನೆಗೆ ಇನ್ನೊಂದು ಉತ್ತರ ಇರಬಹುದೆಂದು ಅವರಿಗೆ ಯಾರೂ ಎಂದೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ನಾನು ಬಿಟ್ಟುಕೊಡಲಿಲ್ಲ. "ಡಾಕ್ಟ್ರೇ, ಅವ್ಳು ಇದೆ ಅಂದ್ಳು" ಎಂದೆ. ಅವರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ತಿರುಗಿ ನೋಡಿದರು. ಮುಖದಲ್ಲಿ ಗೊಂದಲವಿತ್ತು, ಪಾಠದಲ್ಲಿ ಇಲ್ಲದ ಪ್ರಶ್ನೆ ಪತ್ರಿಕೆಯಲ್ಲಿ ಬಂದಾಗ ಮಕ್ಕಳ ಮುಖ ಆಗುತ್ತದಲ್ಲ, ಹಾಗೆ. ಮರುಕ್ಷಣ ನಗು ಮರಳಿತು. "ಆತಂಕ ಯಾರಿಗಿಲ್ಲ ಹೇಳಿ? ನಂಗೂ ಇದೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಮ್ಮಾ. ಬೆಳಿಗ್ಗೆ ಸ್ವಲ್ಪ ನಡೀರಿ. ಒಂದು ಟಾನಿಕ್ ಬರೀತೀನಿ." ಮನೋವೈದ್ಯರಿಗೆ ತೋರಿಸಬೇಕೇ ಎಂದು ನಾನು ಕೇಳಿದೆ. "ಅಯ್ಯೋ, ಅಲ್ಲಿಗ್ಯಾಕೆ? ಅಂಥದ್ದೇನಿಲ್ಲ. ಸುಮ್ನೆ ಜನ ಏನೇನೋ ಮಾತಾಡ್ತಾರೆ" ಎಂದರು. ಪೂರ್ತಿ ಅಂಕ ಪಡೆದ ಡಾಕ್ಟರು ಅಂಥದ್ದೇನಿಲ್ಲ ಎಂದ ಮೇಲೆ ಇದೆ ಎನ್ನಲು ನಾವ್ಯಾರು?

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವಳು ನಗತೊಡಗಿದಳು. ತುಂಬ ದಿನಗಳ ಮೇಲೆ ನಕ್ಕಳು. "ಅಣ್ಣ, ನಾನು ಇದೆ ಅಂದೆ, ಅವ್ರು ಒಳ್ಳೇದು ಅಂದ್ರು" ಎಂದು ಗೋಡೆ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಆಮೇಲೆ ಒಮ್ಮೆಲೇ ನಿಲ್ಲಿಸಿ, "ನಡಿ, ಟಾನಿಕ್ ತಗೊಳ್ಳೋಣ" ಎಂದಳು. ಆ ಬಾಟಲಿ ಖಾಲಿಯಾಗುವ ಮೊದಲೇ ಅವಳು ತನ್ನ ಜೀವವನ್ನು ತಾನೇ ತೆಗೆದುಕೊಂಡಳು. ಹೇಗೆ ಎಂಬುದನ್ನು ಬರೆಯುವುದಿಲ್ಲ. ಅದನ್ನು ಕೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾಕೆ ಎಂದು ಅವಳನ್ನು ಕೇಳಿದವರು ಇರಲಿಲ್ಲ ಎಂಬುದಷ್ಟೇ ಈ ಪತ್ರದ ವಿಷಯ. ಅವಳಿಲ್ಲದ ಮನೆ ಹೇಗಿದೆ ಎಂದು ವರ್ಣಿಸುವ ಶಕ್ತಿಯೂ ನನಗಿಲ್ಲ. ಸೌಟು ಅಲ್ಲೇ ಮೊಳೆಗೆ ತೂಗುತ್ತಿದೆ. ನಾನು ಬೇರೆ ಸೌಟು ಬಳಸುತ್ತೇನೆ.

ಸುದ್ದಿ ಕೇಳಿ ಆ ಡಾಕ್ಟರು ಮನೆಗೆ ಬಂದಿದ್ದರು. ಬಾಗಿಲಲ್ಲೇ ನಿಂತು, "ನಾನು ಕೇಳಿದ್ದೆ... ಆತಂಕ ಇದೆಯಾ ಅಂತ ಕೇಳಿದ್ದೆ, ಅಲ್ವಾ?" ಎಂದರು. ಕೇಳಿದ್ದಿರಿ ಎಂದೆ. "ಅವ್ರು ಏನಂದಿದ್ರು?" ಎಂದರು. ನಾಟಕವಾಡುತ್ತಿರಲಿಲ್ಲ, ನಾಟಕ ಯಾವುದೆಂದು ನನಗೆ ಗೊತ್ತಾಗುತ್ತದೆ. ಕೇಳಿದ್ದು ಅವರಿಗೆ ನೆನಪಿತ್ತು, ಉತ್ತರ ನೆನಪಿರಲಿಲ್ಲ. ನೀವು ಕಲಿಸಿದ್ದನ್ನು ಅವರು ಒಂದಕ್ಷರ ಬಿಡದೆ ಕಲಿತಿದ್ದರು. ಆ ತರುಣನ ಮುಖ ನೋಡಿ ನನಗೆ ಅವರ ಮೇಲೆ ಬರಬೇಕಾದ ಸಿಟ್ಟು ಬರಲಿಲ್ಲ. ಅದು ಬಂದದ್ದು ನಿಮ್ಮ ಮೇಲೆ, ಇಂದಿಗೂ ಇಳಿದಿಲ್ಲ.

ಅದೇ ವರ್ಷದ ಪರೀಕ್ಷೆಗೆ ನನಗೆ ಕರೆ ಬಂತು. ಹೋದೆ. ಅದೇ ಕೋಣೆ, ಅದೇ ಮಂಚ, ಹಣೆಗೆ ಅದೇ ನೀರು. ಎಡತೋಳು, ದವಡೆ, ಎಲ್ಲವನ್ನೂ ಸಂಭಾಷಣೆಯ ಪ್ರಕಾರವೇ ಮಾಡಿದೆ. ಒಂದೇ ಒಂದು ಕಡೆ ಬದಲಿಸಿದೆ. ಮೊದಲನೆಯ ವಿದ್ಯಾರ್ಥಿ ಮನಸ್ಸಿಗೆ ಆತಂಕ ಇದೆಯಾ ಎಂದು ಕೇಳಿದಾಗ, "ಇದೆ ಡಾಕ್ಟ್ರೇ" ಎಂದೆ. "ಒಳ್ಳೇದು" ಎಂದು ಕೈ ತೊಳೆಯಲು ಹೋದ. ಪರೀಕ್ಷಕರು ತಲೆ ಎತ್ತದೆ ಅಂಕ ಹಾಕಿದರು. ಎರಡನೆಯವಳೂ "ಒಳ್ಳೇದು" ಎಂದಳು. ಮೂರನೆಯವನು "ಸರಿ, ಕಡಿಮೆ ಆಗುತ್ತೆ" ಎಂದ. ಏನು ಕಡಿಮೆಯಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಗಂಟೆ ಹೊಡೆಯುತ್ತಲೇ ಇತ್ತು, ಅವರು ಬರುತ್ತಲೇ ಇದ್ದರು, ಕೈ ತೊಳೆಯುತ್ತಲೇ ಇದ್ದರು. ಸೋಪು ಮುಗಿದು ಅಟೆಂಡರಮ್ಮ ಹೊಸದನ್ನು ತಂದಿಟ್ಟರು. ನಾನು 'ಇದೆ' ಎಂದದ್ದು ಆ ಕೋಣೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ, ಅದನ್ನು ಕೇಳಿಸಿಕೊಳ್ಳಲೆಂದೇ ಸಂಬಳ ಪಡೆಯುವ ಪರೀಕ್ಷಕರ ಕಿವಿಗೂ.

ಆಮೇಲೆ ಆ ಹುಡುಗಿ ಬಂದಳು. ತೆಳ್ಳಗೆ, ಸ್ವಲ್ಪ ಉಗ್ಗು, ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು. ಹೇಳಿಕೊಳ್ಳುವಂಥ ಜಾಣೆಯೇನಲ್ಲ, ನಾಡಿ ಸಿಗದೆ ಎರಡು ಸಲ ಹುಡುಕಿದಳು. ಇನ್ನೂ ಬೆನ್ನು ನೋಡುವುದು ಬಾಕಿಯಿದ್ದಾಗಲೇ ಆ ಪ್ರಶ್ನೆ ಕೇಳಿದಳು. ನಾನು "ಇದೆ" ಎಂದೆ. ಅವಳ ಕೈ ನಿಂತಿತು. ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ಸ್ಟೂಲು ಎಳೆದುಕೊಂಡು ಕೂತಳು.

"ಏನು ಆತಂಕ? ಹೇಳಿ, ನಾನು ಕೇಳ್ತೀನಿ" ಎಂದಳು.

ನನ್ನ ಹತ್ತಿರ ಮುಂದಿನ ಸಂಭಾಷಣೆ ಇರಲಿಲ್ಲ. ಯಾರೂ ಬರೆದುಕೊಟ್ಟಿರಲಿಲ್ಲ. ನನ್ನ ಬಾಯಿಗೆ ಬಂದದ್ದು ತಂಗಿಯ ಮಾತುಗಳು. ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ಬೆಟ್ಟದಂಥ ಕೆಲಸ ಅನಿಸುತ್ತದೆ ಎಂದೆ. ಹೊಟ್ಟೆಯಲ್ಲಿ ಗಂಟಿದೆ, ಯಾವ ಕೊಳವೆಗೂ ಕಾಣುವುದಿಲ್ಲ ಎಂದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ, ಉಗ್ಗುತ್ತ, ಆದರೆ ಕಣ್ಣು ತಪ್ಪಿಸದೆ ಕೇಳಿದಳು, "ಸಾಯ್ಬೇಕು ಅಂತ ಅನ್ಸಿದೆಯಾ?"

ಮೂಲೆಯಲ್ಲಿದ್ದ ಪರೀಕ್ಷಕರು ಆಗ ತಲೆ ಎತ್ತಿದರು. "ಏನಮ್ಮಾ ಇದು? ಇದು ಎದೆನೋವಿನ ಕೋಣೆ!" ಎಂದರು. ಗಂಟೆ ಹೊಡೆಯಿತು. ಬೆನ್ನು ನೋಡಿರಲಿಲ್ಲ, ಕಾಲಿನ ಊತ ನೋಡಿರಲಿಲ್ಲ, ಕೈಯನ್ನೂ ತೊಳೆದಿರಲಿಲ್ಲ. ಎಷ್ಟು ಅಂಕ ಹೋಯಿತೆಂದು ನಿಮಗೇ ಗೊತ್ತು. ನನ್ನ ತಂಗಿಯನ್ನು ಮುಟ್ಟಿ ನೋಡಿದ ಯಾವ ಡಾಕ್ಟರೂ ಕೇಳದ ಪ್ರಶ್ನೆಯನ್ನು ಕೇಳಿದ ಒಬ್ಬಳೇ ಒಬ್ಬಳಿಗೆ ನಿಮ್ಮ ಪಟ್ಟಿಯಲ್ಲಿ ಕೊಡಲು ಏನೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ವೈದ್ಯಪದ್ಧತಿ ಎಂದುಕೊಂಡಿದ್ದೆ. ಅದು ಇನ್ನೂ ನಿಮ್ಮ ಪಠ್ಯದಲ್ಲಿದೆ. ನಿಮ್ಮ ಕಚೇರಿಯ ಗುಮಾಸ್ತರು ನನಗೂ ಫೋನ್ ಮಾಡಿದರು. "ಸಾರ್, ನೀವು ಡೈಲಾಗ್ ಬಿಟ್ಟು ಮಾತಾಡಿದ್ರಂತೆ. ಇನ್ನು ಬರ್ಬೇಡಿ ಅಂದಿದ್ದಾರೆ." ಒಪ್ಪಿದೆ. ನಾನು ಕೆಲಸ ಕಳೆದುಕೊಂಡದ್ದು ಈ ಪತ್ರದ ದೂರಲ್ಲ.

ಕೋಣೆಯಲ್ಲಿ ಬಿಟ್ಟುಬಂದಿದ್ದ ಅಂಗಿಯನ್ನು ತರಲು ಕಾಲೇಜಿಗೆ ಹೋದಾಗ ಆ ಹುಡುಗಿ ಫಲಿತಾಂಶದ ಹಲಗೆಯ ಹತ್ತಿರ ಬೆಂಚಿನ ಮೇಲೆ ಕೂತಿದ್ದಳು. ಅಂದು ಅವಳಿಂದ ಅಂಕ ಕಸಿದವನು ನಾನು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವಳು ಎದ್ದು ನಿಂತು, "ಅಂಕಲ್, ಈಗ ಹೇಗಿದ್ದೀರಿ?" ಎಂದಳು. "ಏನಿಲ್ಲ ಕಣಮ್ಮ, ಅದು ಪಾತ್ರ" ಎಂದೆ. ಅವಳು 'ಒಳ್ಳೇದು' ಎನ್ನಲಿಲ್ಲ. ಮತ್ತೆ ಕೂತು, ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು. ನಾನು ಆ ಬೆಂಚಿನ ಮೇಲೆ ಕೂತು ನನ್ನ ತಂಗಿಯ ವಿಷಯವನ್ನು ಮೊದಲ ಬಾರಿ ಒಬ್ಬರಿಗೆ ಪೂರ್ತಿಯಾಗಿ ಹೇಳಿದೆ, ಮತ್ತು ಅತ್ತೆ. ಅದು ಪಾತ್ರವಾಗಿರಲಿಲ್ಲ.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಆಮೇಲೆ ಕೇಳಿದೆ. 'ಬೇಸಿಗೆ ರಜೆ'ಯಲ್ಲಿ ಗೆಳತಿಯರೆಲ್ಲ ಊರಿಗೆ ಹೋದಾಗ ಇವಳೊಬ್ಬಳೇ ಹಾಸ್ಟೆಲಿನಲ್ಲಿ ಉಳಿದು, ಬೇಜಾರಾಗಿ, ಆ ಒಗೆತದ ಕಟ್ಟಡದ ಹಿಂದಕ್ಕೆ ಹೋಗಿದ್ದಳಂತೆ. ಅಲ್ಲಿನ ಮೇಡಂ ಒಬ್ಬರು ರೋಗಿಗಳ ಪಕ್ಕ ಕೂರಿಸಿಕೊಂಡು ಹೇಳಿದ್ದರಂತೆ, "ಕೇಳಿದ್ಮೇಲೆ ಎದ್ದು ನಿಲ್ಬೇಡ. ಉತ್ತರ ಬರೋಕೆ ಟೈಮ್ ಬೇಕು." ಅಷ್ಟೇ. ಎರಡು ವಾರವನ್ನು ನಿಜವಾಗಿ ಕಲಿಸಿದರೆ ಇಷ್ಟು ಸಾಧ್ಯ. ಕಲಿಸುವವರೂ ನಿಮ್ಮಲ್ಲೇ ಇದ್ದಾರೆ. ಬಟ್ಟೆಯ ಗಂಟುಗಳ ಹಿಂದೆ ಕೂರಿಸಿದ್ದೀರಿ.

ಹೊರಡುವಾಗ, ಮರುಪರೀಕ್ಷೆಗೆ ಚೆನ್ನಾಗಿ ಓದಮ್ಮ ಎಂದೆ. ಅವಳು ಕಿತ್ತ ಗುಂಡಿಯ ದಾರವನ್ನು ಎಳೆಯುತ್ತ, "ಓದೋದೇನಿದೆ ಅಂಕಲ್. ಮುಂದಿನ್ಸಲ ಕೇಳ್ತಿದ್ದ ಹಾಗೇ ಕೈ ತೊಳ್ಕೊತೀನಿ. ಇನ್ನೇನ್ ಮಾಡ್ಲಿ? ಮನೇಲಿ ನನ್ನ ನಂಬ್ಕೊಂಡಿದ್ದಾರೆ" ಎಂದಳು. ಈ ಪತ್ರ ಬರೆಯುವಂತೆ ಮಾಡಿದ್ದು ಆ ಮಾತು. ಸತ್ತವಳಿಗಾಗಿ ಬರೆಯುತ್ತಿಲ್ಲ, ಅವಳಿಗೆ ನೀವು ಏನನ್ನೂ ಕೊಡಲಾರಿರಿ.

ನನ್ನ ಬೇಡಿಕೆ ಇದು. ಆ ಪ್ರಶ್ನೆಗೆ ಉತ್ತರ ಕೇಳಿಸಿಕೊಂಡವರಿಗೆ ಅಂಕ ಕೊಡಿ, ಕೇಳಿ ತಿರುಗಿದವರ ಅಂಕ ಕಳೆಯಿರಿ. ಎದೆನೋವಿಗೆ, ಹೊಟ್ಟೆನೋವಿಗೆ ಇರುವಂತೆ ಮನಸ್ಸಿಗೂ ಒಂದು ಕೋಣೆ ಕೊಡಿ, ಅದರಲ್ಲಿ ಪಾಸಾಗದವರು ವೈದ್ಯರಾಗದಿರಲಿ. ಇದಕ್ಕೆಲ್ಲ ಸಮಿತಿ, ಸಭೆ, ವರದಿ, ಮರುಸಭೆ ಬೇಕಾಗುತ್ತದೆಂದು ಬಲ್ಲೆ, ನಿಧಾನವಾಗಿಯೇ ಮಾಡಿ. ಆದರೆ ಒಂದು ಕೆಲಸ ನಿಧಾನ ಮಾಡುವಂತಿಲ್ಲ. ಆ ಹುಡುಗಿಯ ಫಲಿತಾಂಶವನ್ನು ಮರುಪರೀಕ್ಷೆಗೆ ಮೊದಲು ತಿದ್ದಿ. ಇಲ್ಲದಿದ್ದರೆ ಅವಳು ಬರುತ್ತಾಳೆ. ಮೂರನೇ ಕೋಣೆಯಲ್ಲಿ ಬೇರೆ ಯಾರೋ ಮಲಗಿರುತ್ತಾರೆ. ಆತಂಕ ಇದೆಯಾ ಎಂದು ಅವಳು ಕೇಳುತ್ತಾಳೆ, "ಒಳ್ಳೇದು" ಎಂದು ನಲ್ಲಿ ತಿರುಗಿಸುತ್ತಾಳೆ, ಮತ್ತು ನೀವು ಅವಳನ್ನು ಪಾಸು ಮಾಡುತ್ತೀರಿ.

ಇಂತಿ,
ತಮ್ಮ ಸೇವೆಯಿಂದ ಬಿಡುಗಡೆಗೊಂಡ,
ಮೂರನೇ ಕೋಣೆಯ ಎದೆನೋವು
(ಆತಂಕ: ಇದೆ)